ಹೊಳೆದಂಡೆಯ ಲಕ್ಕಣ್ಣ

ಯಶವಂತಪುರ
೯-೧೧-೧೯೭೧

ಗಡಿಯಂಚಿನ ಗುಡಾರದಲ್ಲಿ ನೆರೆದಿರುವ ಕನ್ನಡ ಜವಾನ ಮಹಾಶಯರೇ! ಮಗ್ಗು ಹಿಡಿದು ನಿಂತವರೇ, ಬೂಟು ಬಿಚ್ಚಿ ಕುಳಿತವರೇ, ಮೂಲೆಯಲ್ಲಿ ಬೀಡಿ ಮುಚ್ಚಿಟ್ಟುಕೊಂಡವರೇ! ಮುಂದಿನವರು ಕುಳಿತುಕೊಳ್ಳಿ, ಹಿಂದಿನವರಿಗೆ ಕೇಳಿಸಲಿ. ನನ್ನ ಪತ್ರಗಳನ್ನು ನನ್ನ ಹೆಂಡತಿಯ ತಮ್ಮ ಶೇಖರಪ್ಪ ನಿಮಗೆಲ್ಲ ಓದಿ ಹೇಳುತ್ತಾನೆಂದು ಬಲ್ಲೆ. ಅವನದು ಇಲಿಯ ದನಿ. ಆದ್ದರಿಂದ ನಾನು, ಗದಗಿನ ಕಡೆಯಿಂದ ಬಂದು ಯಶವಂತಪುರದ ಸಂತೆ ಮೈದಾನದಲ್ಲಿ ತಗಡಿನ ಥೇಟರು ಕಟ್ಟಿರುವ ನಾಟಕ ಕಂಪನಿಯ ಮಾಲೀಕ ಸಂಗಪ್ಪ, ರಾಜಪಾರ್ಟಿನ ನಟ, ಇಲ್ಲಿಂದಲೇ ಕೂಗುತ್ತಿದ್ದೇನೆಂದು ತಿಳಿಯಿರಿ.

ಶೇಖರಪ್ಪಾ, ನೀನು ಕಳಿಸಿದ ಚಿತ್ರ ತಲುಪಿತು. ಗುಡಾರದ ಬಟ್ಟೆಯ ಮೇಲೆ ನಿನ್ನ ಗೆಳೆಯ, ಕೊಡಿಗೇಹಳ್ಳಿಯ ಲಕ್ಕಣ್ಣ, ಸೂಜಿ ಹಿಡಿದು ಬೂಟು ಹೊಲಿಯುತ್ತಿದ್ದಾನೆ. ನಮ್ಮ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದಾಗ ನೀನು ಇಷ್ಟು ಚೆಂದ ಏನನ್ನೂ ಬರೆಯಲಿಲ್ಲ. ‘ತಾಯಿಗೆ ಮುಟ್ಟಿಸಿ’ ಎಂದು ಬರೆದಿದ್ದೆ. ಮುಟ್ಟಿಸಿದೆ. ಆದರೆ ಹೇಗೆ ಮುಟ್ಟಿಸಿದೆ ಎಂಬುದನ್ನು ಸಭೆ ಕೇಳಬೇಕು.

ಕಂಪನಿಯ ಪದ್ಧತಿ ನಿನಗೆ ಗೊತ್ತು. ಹೊಸ ಪರದೆ ಮೊದಲ ಸಲ ಮೇಲೇರುವ ಮುನ್ನ ಅದಕ್ಕೆ ಹೂವಿನ ಮಾಲೆ, ಕುಂಕುಮ, ಊದಿನಕಡ್ಡಿ, ಒಂದು ದೀಪ. ಬಣ್ಣ ಬಿದ್ದ ಬಟ್ಟೆ ಯಾವುದೇ ಬರಲಿ, ಪೂಜೆಯಿಲ್ಲದೆ ಅದನ್ನು ನಾನು ಒಳಗೆ ಬಿಟ್ಟವನಲ್ಲ. ಲಕ್ಕಣ್ಣನ ಚಿತ್ರವನ್ನು ರಂಗದ ನಡುವೆ ತೂಗುಹಾಕಿ, ಸೇವಂತಿಗೆ ಮಾಲೆ ಹಾಕಿ, ದೀಪ ಹಚ್ಚಿಸಿ, ಕೊಡಿಗೇಹಳ್ಳಿಗೆ ಆಳು ಕಳಿಸಿದೆ: ನಿಮ್ಮ ಮಗ ಬಂದಿದ್ದಾನೆ, ಬಂದು ನೋಡಿಕೊಂಡು ಹೋಗಿ.

ತಾಯಿ ಮುನಿಕೆಂಪಮ್ಮ ಬಂದಳು, ಜೊತೆಗೆ ಹೊಸ ಸೊಸೆ ಗಂಗರತ್ನಮ್ಮ. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಮಗನ ಮುಖ, ಮಾಲೆ, ದೀಪ, ಹೊಗೆ. ಮುದುಕಿ ಅಲ್ಲೇ ಕುಸಿದಳು. ಆ ಹುಡುಗಿ ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಆರತಿ ತಟ್ಟೆ ಹಿಡಿದು ಭಕ್ತಿಯಿಂದ ನಿಂತಿದ್ದೆ. ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದದ್ದು ನಿನ್ನ ಅಕ್ಕ ಕಾಶವ್ವ ಓಡಿಬಂದು ಮಾಲೆ ಕಿತ್ತೆಸೆದ ಮೇಲೆ.

“ಜೀವಂತ ಮನಷ್ಯಾಗ ಮಾಲಿ ಹಾಕಿ ಊದಿನಕಡ್ಡಿ ಹಚ್ಚಿದ್ರ ಯಾರ ಏನ ತಿಳಕೋಬೇಕು? ವೇಷಾ ಕಟ್ಟಿ ಕಟ್ಟಿ ನಿಮಗ ತಿಳುವಳಿಕಿ ಹೋಗೇತಿ,” ಎಂದಳು.

ನೀರು ಚಿಮುಕಿಸಿ, ಚಹಾ ಕುಡಿಸಿ, ನಿನ್ನ ಪತ್ರದ ತಾರೀಖು ತೋರಿಸಿ, ಮಗ ಚೆನ್ನಾಗಿದ್ದಾನೆಂದು ನಂಬಿಸುವಷ್ಟರಲ್ಲಿ ಆಟದ ಹೊತ್ತಾಗಿತ್ತು. ಹೋಗುವಾಗ ಮುನಿಕೆಂಪಮ್ಮ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಹೇಳಿದ್ದು ಇಷ್ಟೆ: “ಮನೇಲಿ ಒಂದ್ ಗುಂಡಿ ಒಲ್ಕೊಂಡೋನಲ್ಲ. ಅಲ್ಲೋಗಿ ಬೂಟು ಒಲೀತಾವ್ನೆ.”

ಲಕ್ಕಣ್ಣಾ, ಸಭೆಯಲ್ಲಿದ್ದರೆ ಎದ್ದು ನಿಲ್ಲು. ಈ ಸಂಗಪ್ಪನಿಗೆ ಕ್ಷಮೆ ಕೊಡು.

ಆಶೀರ್ವಾದಗಳೊಂದಿಗೆ,
ಸಂಗಪ್ಪ


ಮಾರ್ಫತ್ ೫೬ ಎ.ಪಿ.ಓ.
೨೪-೧೧-೧೯೭೧

ಪೂಜ್ಯ ಮಾವನವರಿಗೆ ಶೇಖರಪ್ಪನ ಶರಣು.

ನಿಮ್ಮ ಪತ್ರ ಓದಿದೆ. ನಕ್ಕು ನಕ್ಕು ಗುಡಾರದ ಗೂಟ ಅಲುಗಿತು. ತಮಿಳಿನವರಿಗೂ ಅರ್ಥ ಹೇಳಬೇಕಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಲಕ್ಕಣ್ಣ. ಆಮೇಲೆ ನನ್ನ ಪಕ್ಕ ಬಂದು ಕುಳಿತ.

“ನಮ್ಮವ್ವಂಗೆ ಬರಿ ಶೇಖ್ರಪ್ಪಾ. ಇನ್ ಮ್ಯಾಕೆ ಯಾರಾನ ಬಂದು ನಿನ್ ಮಗ ಸತ್ತ ಅಂದ್ರೆ ನಂಬ್‌ಬ್ಯಾಡ. ನಾನೇ ಬಂದು ಏಳ್ಬೇಕು. ಅಲ್ಲೀಗಂಟ ನಂಬ್‌ಬ್ಯಾಡ ಅನ್ನು.”

ಅವನ ಮಾತಿನಂತೆಯೇ ಬರೆದಿದ್ದೇನೆ. ಓದಿ ಹೇಳಿರಿ.

ಇಲ್ಲಿ ನಕಾಶೆ ಬರೆಯುವುದು ನನ್ನ ನೌಕರಿ. ಮನುಷ್ಯರನ್ನು ಬರೆಯುವುದು ಮೇಜರ್ ಸಾಹೇಬರ ಬಾಯಿಮಾತಿನ ಹುಕುಂ. ‘ಮುಂದೆ ಯಾರಾದರೂ ಕೇಳಿದರೆ ತೋರಿಸಲು ಬೇಕು, ಕಂಡದ್ದನ್ನು ಬರೆದಿಡು’ ಎಂದಿದ್ದಾರೆ. ಮಾವಾ, ನಮ್ಮ ಯುದ್ಧದ ಪರದೆ ನೆನಪಿದೆಯೇ? ಕೆಂಪು ಆಕಾಶ, ಆನೆ, ಉರಿಯುವ ಕೋಟೆ. ಇಲ್ಲಿ ನನಗೆ ಕೆಂಪು ಬಣ್ಣ ಬೇಕಾಗಿಯೇ ಇಲ್ಲ. ಈರುಳ್ಳಿ ಹೆಚ್ಚುವವರು, ಕಾಲಿನ ಹುಣ್ಣಿಗೆ ಮುಲಾಮು ಹಚ್ಚಿಕೊಳ್ಳುವವರು, ಊರಿನ ಪತ್ರವನ್ನು ಮತ್ತೆ ಮತ್ತೆ ಓದಿ ಮಡಿಸುವವರು. ಎಲ್ಲ ಕೆಸರಿನ ಬಣ್ಣ. ನಮ್ಮ ಕೆಲಸ ಹೊಳೆಗೆ ದೋಣಿಗಳನ್ನು ಜೋಡಿಸಿ ಸೇತುವೆ ಕಟ್ಟುವುದು. ಸದ್ಯಕ್ಕೆ ದಿನವೂ ಕಟ್ಟಿ ದಿನವೂ ಬಿಚ್ಚುತ್ತಾರೆ. ಲಕ್ಕಣ್ಣ ನೀರಿನಲ್ಲಿ ಎದೆಮಟ್ಟ ನಿಂತು ಹಗ್ಗ ಬಿಗಿಯುವವನು. ಅವನು ನಿಂತ ಕಡೆ ಸೇತುವೆ ಅಲುಗುವುದಿಲ್ಲವೆಂದು ಸುಬೇದಾರರು ಹೇಳುತ್ತಾರೆ.

ಅಕ್ಕನಿಗೆ ನಮಸ್ಕಾರ.

ನಿಮ್ಮ
ಶೇಖರಪ್ಪ


ಯಶವಂತಪುರ
೬-೧೨-೧೯೭೧

ಮಹಾಶಯರೇ, ಯುದ್ಧ ಶುರುವಾಗಿದೆಯೆಂದು ರೇಡಿಯೋ ಹೇಳಿತು. ಇಲ್ಲಿ ದೀಪ ಹಚ್ಚಬಾರದೆಂದು ಪೊಲೀಸರು ಸಂಜೆಯ ಆಟ ನಿಲ್ಲಿಸಿದ್ದಾರೆ. ಬಸ್ಸುಗಳ ಲೈಟಿಗೆ ಅರ್ಧ ಕಪ್ಪು ಬಳಿದಿದ್ದಾರೆ. ಯಲಹಂಕದ ಕಡೆಯಿಂದ ವಿಮಾನ ಎದ್ದರೆ ನಮ್ಮ ತಗಡಿನ ಥೇಟರು ಅದುರುತ್ತದೆ. ನೀವು ಈ ಪತ್ರ ಕೇಳುವಾಗ ಎಲ್ಲಿದ್ದೀರೋ, ಎಲ್ಲರೂ ಇದ್ದೀರೋ, ನನಗೆ ತಿಳಿಯದು.

ಲಕ್ಕಣ್ಣನ ಮಾತನ್ನು ಮುಟ್ಟಿಸಿದೆ. ಹಿಂದಿನ ತಪ್ಪಿಗೆ ಪ್ರಾಯಶ್ಚಿತ್ತವಾಗಲೆಂದು ನಾನೇ ಕೊಡಿಗೇಹಳ್ಳಿಗೆ ಹೋದೆ. ಅವರ ಮನೆ ಜಗಲಿಯ ಮೇಲೆ ನಿಂತು, ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಬಂದು ನೆರೆಯುವಂತೆ ದನಿ ಏರಿಸಿ ಓದಿದೆ. ‘ನಂಬ್‌ಬ್ಯಾಡ’ ಎಂಬಲ್ಲಿ ಕೈ ಮೇಲೆತ್ತಿದೆ. ಜನ ಚಪ್ಪಾಳೆ ತಟ್ಟಿದರು. ಮುನಿಕೆಂಪಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಓದು ಬಾರದವಳು, ಆದರೂ ಕೊಡಲಿಲ್ಲ.

ಪತ್ರ ಬರೆ, ಶೇಖರಪ್ಪಾ. ಎರಡೇ ಸಾಲಾದರೂ ಸಾಕು. ಕಾಶವ್ವ ಒಲೆಯ ಮುಂದೆ ಸುಮ್ಮನೆ ಕೂರುತ್ತಾಳೆ.

ಸಂಗಪ್ಪ


ಮಾರ್ಫತ್ ೫೬ ಎ.ಪಿ.ಓ.
೨೦-೧೨-೧೯೭೧

ಮಾವನವರಿಗೆ,

ಯುದ್ಧ ಮುಗಿಯಿತು. ನಾನು ಚೆನ್ನಾಗಿದ್ದೇನೆ. ಈ ಪತ್ರವನ್ನು ಯಾರಿಗೂ ಓದಿ ಹೇಳಬೇಡಿರಿ.

ಲಕ್ಕಣ್ಣ ತೀರಿಕೊಂಡ. ಸೇತುವೆಯ ಕೊನೆಯ ದೋಣಿಗೆ ಹಗ್ಗ ಬಿಗಿಯುವಾಗ ಆಚೆ ದಂಡೆಯಿಂದ ಗುಂಡು ಬಂತು. ಹಗ್ಗ ಬಿಡಲಿಲ್ಲವಾದ್ದರಿಂದ ನೀರಿನಲ್ಲಿ ಹೋಗಲಿಲ್ಲ. ಎಳೆದು ಮರಳಿನ ಮೇಲೆ ಮಲಗಿಸಿದೆವು. ಸೌದೆ ತರಲು ಹೋದವರು ಬರುವ ತನಕ ಒಬ್ಬರು ಕಾಯಬೇಕಿತ್ತು. ನಾನು ಕೂತೆ. ಸುಮ್ಮನೆ ಕೂರಲಾಗದೆ ಬರೆದೆ. ಹಣೆಗೆ ಅಂಟಿದ ಕೂದಲು, ಅರ್ಧ ತೆರೆದ ಬಾಯಿ, ಹಗ್ಗ ಉಜ್ಜಿ ಕಿತ್ತ ಅಂಗೈ. ಕಂಡದ್ದನ್ನೇ ಬರೆದೆ, ಮಾವಾ. ಏನನ್ನೂ ತಿದ್ದಲಿಲ್ಲ. ಅಲ್ಲಿಯೇ ದಹನ ಮಾಡಿದೆವು.

ಇದನ್ನು ತಾಯಿಗೆ ಕಳಿಸಲಾರೆ. ಹರಿಯಲೂ ಆಗುತ್ತಿಲ್ಲ.

ಶೇಖರಪ್ಪ


ಯಶವಂತಪುರ
೧೭-೧-೧೯೭೨

ಶೇಖರಪ್ಪಾ,

ಯಾರನ್ನೂ ಕೂಗಿ ಕರೆಯುವ ಮನಸ್ಸಿಲ್ಲ. ನಿನಗೊಬ್ಬನಿಗೇ ಬರೆಯುತ್ತಿದ್ದೇನೆ.

ಸರಕಾರದ ತಂತಿ ಬಂದ ಸುದ್ದಿ ಕೇಳಿ ನಾನೂ ಕಾಶವ್ವನೂ ಕೊಡಿಗೇಹಳ್ಳಿಗೆ ಹೋದೆವು. ಮನೆಯ ಮುಂದೆ ಊರೇ ಇತ್ತು. ಗಂಗರತ್ನಮ್ಮ ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ವಯಸ್ಸಾದ ಹೆಂಗಸರು ನಾಲ್ಕಾರು ಮಂದಿ ಅವಳ ಸುತ್ತ ಕುಳಿತು, ಅತ್ತೆ ಒಂದು ಸಲ ಗೋಳೋ ಎನ್ನಲಿ ಎಂದು ಕಾಯುತ್ತಿದ್ದರು. ತಾಯಿ ಅತ್ತ ಮೇಲೆ ತಾನೇ ಉಳಿದ ಶಾಸ್ತ್ರ. ಬಳೆ ಒಡೆಯಬೇಕು, ಕುಂಕುಮ ಒರೆಸಬೇಕು.

ಮುನಿಕೆಂಪಮ್ಮ ಅಳಲಿಲ್ಲ. ಜಗಲಿಗೆ ಬಂದು ಸೊಂಟದ ಚೀಲದಿಂದ ಆ ಕಾಗದ ತೆಗೆದು ಎಲ್ಲರಿಗೂ ಹಿಡಿದು ತೋರಿಸಿದಳು.

“ನನ್ ಮಗ ಮೊದ್ಲೇ ಏಳವ್ನೆ, ಯಾರು ಏಳಿದ್ರೂ ನಂಬ್‌ಬ್ಯಾಡ ಅಂತ. ಆವತ್ತೂ ಇಂಗೇ ಊವ ಆಕಿದ್ರು. ಬದುಕಿರ್ನಿಲ್ವಾ? ಈ ನಾಟಕ್ದೋರನ್ನೇ ಕೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ಪತ್ರ ನನ್ನ ಕಿಸೆಯಲ್ಲಿತ್ತು, ಶೇಖರಪ್ಪಾ. ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ಅಂದು ಏಳಲಿಲ್ಲ. ನಾನು ಸುಮ್ಮನಿದ್ದುದನ್ನೇ ಆಕೆ ಹೌದೆಂದು ಊರಿಗೆ ಹೇಳಿದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು.

ದಾರಿಯಲ್ಲಿ ಕಾಶವ್ವ ನನ್ನನ್ನು ಬಿಟ್ಟು ಮುಂದೆ ನಡೆದಳು. ಆ ಚಿತ್ರ ನಿನ್ನ ಬಳಿಯೇ ಇರಲಿ. ಈಗ ಕಳಿಸಬೇಡ.

ಸಂಗಪ್ಪ


ಉತ್ತರದ ದಂಡುಪ್ರದೇಶದಿಂದ
೩-೮-೧೯೭೫

ಪೂಜ್ಯ ಮಾವನವರಿಗೆ ಶರಣು.

ರಜೆಯಿಂದ ಮರಳಿ ಕೆಲಸಕ್ಕೆ ಹಾಜರಾದೆ. ಈಗ ನನ್ನನ್ನು ‘ಆರ್ಟಿಸ್ಟ್ ಹವಾಲ್ದಾರ’ ಎನ್ನುತ್ತಾರೆ. ಪಲ್ಟನ್ನಿನಿಂದ ಪಲ್ಟನ್ನಿಗೆ ಕರೆಸಿಕೊಳ್ಳುತ್ತಾರೆ. ಊಟದ ಮನೆಯ ಗೋಡೆಗೆ ಹಿಮದ ಬೆಟ್ಟ, ನಿವೃತ್ತರಾಗುವ ಸಾಹೇಬರಿಗೆ ಎದೆತುಂಬ ಪದಕ. ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಕಣ್ಣಲ್ಲಿ ತೇಜಸ್ಸು ಬರಲಿ. ಬರಿಸುತ್ತೇನೆ. ಒಂದು ಬಿಳಿಯ ಚುಕ್ಕೆ ಇಟ್ಟರೆ ಬರುತ್ತದೆ. ಆ ಯುದ್ಧಕಾಲದ ಹಾಳೆಗಳನ್ನು ಒಮ್ಮೆ ಒಬ್ಬ ಸಾಹೇಬರಿಗೆ ತೋರಿಸಿದೆ. ಈರುಳ್ಳಿ ಹೆಚ್ಚುವವರನ್ನು ನೋಡಿ ನಕ್ಕರು. ಲಕ್ಕಣ್ಣನ ಹಾಳೆ ಬಂದಾಗ ಕಟ್ಟನ್ನು ಮುಚ್ಚಿ, “ಇದು ಯಾರಿಗೆ ಬೇಕು?” ಎಂದರು.

ಕೊಡಿಗೇಹಳ್ಳಿಯಲ್ಲಿ ನಡೆದದ್ದನ್ನು ಅಕ್ಕನ ಮುಂದೆ ಹೇಳಲಾಗಲಿಲ್ಲ. ಮುನಿಕೆಂಪಮ್ಮ ಒಂದು ಬಿಳಿ ಪಂಚೆ ತಂದು ನನ್ನ ಮುಂದೆ ಹಾಸಿದಳು.

“ನೀನ್ ಅವನ್ ಜತೆ ಇದ್ದೋನು. ಈಗ ಎಂಗಾಗಿರ್ಬೌದೋ ಅಂಗೆ ಬರಿ,” ಎಂದಳು.

ಬರೆದೆ, ಮಾವಾ. ಮೀಸೆ ದಪ್ಪ ಮಾಡಿದೆ. ಕೆನ್ನೆ ತುಂಬಿಸಿದೆ. ಅವನು ಹೊಳೆದಂಡೆಯಲ್ಲಿ ಹೇಗಿದ್ದನೆಂದು ಬಲ್ಲ ಕೈಯೇ ಇದನ್ನೂ ಬರೆಯಿತು. ಆಕೆ ಅದನ್ನು ಒಳಗೆ ಇಡಲಿಲ್ಲ. ಬೀದಿಗೆ ಕಾಣುವಂತೆ ಹೊರಗೋಡೆಗೆ ಹಾಕಿಸಿದಳು. ಗಂಗರತ್ನಮ್ಮ ಮಜ್ಜಿಗೆ ತಂದುಕೊಟ್ಟಳು. ಚಿತ್ರವನ್ನು ನೋಡಲಿಲ್ಲ.

ಮುಂದಿನ ರಜೆಗೆ ಕಿವಿಯ ಹತ್ತಿರ ನರೆ ಹಾಕು ಎಂದಿದ್ದಾಳೆ. ನಾನು ರಜೆಯನ್ನೇ ಹಾಕುವುದಿಲ್ಲ.

ಶೇಖರಪ್ಪ


ಬಾಗಲಗುಂಟೆ
೧೧-೩-೧೯೭೯

ಚಿರಂಜೀವಿ ಶೇಖರಪ್ಪನಿಗೆ,

ಕಂಪನಿ ಮುಚ್ಚಿದೆ. ತಗಡು ಬಿಚ್ಚಿ ಮಾರಿದೆ. ಬಾಗಲಗುಂಟೆಯಲ್ಲಿ ಒಂದು ಕೋಣೆ ಹಿಡಿದಿದ್ದೇವೆ. ನೀನು ಬರೆದ ಯುದ್ಧದ ಪರದೆಯನ್ನು ಇಟ್ಟಿಗೆ ಲಾರಿಯವನೊಬ್ಬ ಕೊಂಡುಹೋದ. ಮೊನ್ನೆ ಹೆಸರಘಟ್ಟ ರಸ್ತೆಯಲ್ಲಿ ಕಂಡೆ: ಇಟ್ಟಿಗೆಯ ಮೇಲೆ ನಿನ್ನ ಉರಿಯುವ ಕೋಟೆ ಮಡಿಕೆಬಿದ್ದು ಕುಳಿತಿತ್ತು. ಲಾರಿ ಹಾದುಹೋಗುವ ತನಕ ರಸ್ತೆಬದಿಯಲ್ಲಿ ನಿಂತಿದ್ದೆ.

ನಿನ್ನೆ ಗಂಗರತ್ನಮ್ಮ ಬಂದಿದ್ದಳು. ಈಗ ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಮುಗಿಸಿ ಹಾಗೇ ಬಂದಿದ್ದಳು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಕಾಶವ್ವ ಕೊಟ್ಟ ಚಹಾ ಮುಟ್ಟದೆ ಕೇಳಿದಳು.

“ಶೇಖರಣ್ಣ ಎಲ್ಲಾನೂ ಬರ್ದಿಡ್ತಿದ್ರಂತೆ. ಅವತ್ತಿಂದು ಏನಾದ್ರೂ ಬರ್ದವ್ರಾ?”

ನನ್ನ ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

“ಮಾವಯ್ಯಾ, ನಂಗೊತ್ತು. ತಂತಿ ಬಂದಾಗ್ಲೇ ಗೊತ್ತು. ನಾನ್ ಅವರ ಮುಖ ಸರಿಯಾಗಿ ನೋಡಿದ್ದೇ ಕಮ್ಮಿ, ಆಮೇಲೆ ಗೋಡೆ ಮೇಲಿರೋದೇ ನಿಜ ಅನ್ನೋ ಹಂಗಾಗದೆ. ಆದ್ರೆ ಅತ್ತೆ ನಂಬ್ಕೊಂಡವ್ರೆ. ಅವರು ನಂಬಿರೋಗಂಟ ನಾನು ಒರೆಸ್ಕೊಂಡ್ರೆ ಅವರು ಉಳಿಯಲ್ಲ.”

ಚಿತ್ರವಿದೆ ಎಂದು ಹೇಳಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತರಿಸಲೇ ಎಂದೆ. ಬಳೆ ತಿರುಗಿಸುತ್ತ, ಬೇಡ ಎಂದಳು. ಇಲ್ಲಿ ನೋಡಿ ಹೋದರೂ ಅತ್ತೆಗೆ ಅವಳ ಮುಖದಲ್ಲೇ ಗೊತ್ತಾಗಿಬಿಡುತ್ತದಂತೆ.

ಬಸ್ಸಿನ ತನಕ ಬಿಟ್ಟುಬಂದೆ. ಜಕ್ಕೂರಿನಲ್ಲಿ ಹಾರಾಟ ಕಲಿಸುವ ಶಾಲೆಯ ಪುಟ್ಟ ವಿಮಾನ ಹಾರಿದಾಗೆಲ್ಲ ಮುದುಕಿ ಈಗಲೂ ಹೊರಗೆ ಬಂದು ಕೈ ಅಡ್ಡ ಹಿಡಿದು ನೋಡುತ್ತಾಳಂತೆ. ಊರವರು ನೋಡಿ ಸುಮ್ಮನಾಗುತ್ತಾರಂತೆ.

ಸಂಗಪ್ಪ


ಉತ್ತರದ ದಂಡುಪ್ರದೇಶದಿಂದ
೨೬-೧೦-೧೯೮೨

ಪೂಜ್ಯ ಮಾವನವರಿಗೆ,

ಇಲ್ಲಿ ಪಲ್ಟನ್ನಿನ ಹೊಸ ಭವನ ತೆರೆಯುತ್ತಾರೆ. ನಡುಗೋಡೆಗೆ ಆ ಹೊಳೆಯ ಸೇತುವೆಯ ಚಿತ್ರ ಬೇಕೆಂದು ನನಗೇ ಹೇಳಿದರು. ಲಕ್ಕಣ್ಣ ಬಾವುಟ ಹಿಡಿದು ಸೇತುವೆಯ ಮೇಲೆ ನಿಂತಿರಬೇಕು, ಹಿಂದೆ ಸೂರ್ಯ ಹುಟ್ಟಬೇಕು. ಅಲ್ಲಿ ಬಾವುಟ ಇರಲಿಲ್ಲ, ಮಂಜಿತ್ತು ಎಂದೆ. “ಹವಾಲ್ದಾರ್, ನೀನು ಕಂಡದ್ದು ಬೇರೆ, ಹುಡುಗರು ಕಾಣಬೇಕಾದದ್ದು ಬೇರೆ,” ಎಂದರು. ಬರೆದು ಮುಗಿಸಿದ್ದೇನೆ. ಎಲ್ಲರೂ ಹೊಗಳುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದ ಅತಿ ದೊಡ್ಡ ಚಿತ್ರ ಅದು. ಅದರ ಮುಂದೆ ನಿಂತರೆ ನನಗೆ ನಮ್ಮ ಥೇಟರಿನ ವಾಸನೆ ಬರುತ್ತದೆ.

ಮಡಿದವರ ಮನೆಯವರನ್ನೆಲ್ಲ ಕರೆಸುತ್ತಾರೆ. ಮುನಿಕೆಂಪಮ್ಮನಿಗೂ ಆಹ್ವಾನ ಹೋಗಿದೆ. ಆಕೆಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಪರದೆ ಸರಿಯುತ್ತದೆ, ಆಕೆಯ ಮಗ ಬಾವುಟ ಹಿಡಿದು ನಗುತ್ತ ನಿಂತಿರುತ್ತಾನೆ. ಆಕೆ ಊರಿಗೆ ಮರಳಿ ಏನು ಹೇಳುತ್ತಾಳೆ? ಸಾಯುವ ತನಕ ಕಾಯುತ್ತಾಳೆ. ಗಂಗರತ್ನಮ್ಮನೂ.

ಆದ್ದರಿಂದ ಹೊಳೆದಂಡೆಯ ಹಾಳೆಯನ್ನು ಪ್ರತ್ಯೇಕ ಪಾರ್ಸೆಲ್ಲಿನಲ್ಲಿ ನಿಮಗೆ ಕಳಿಸಿದ್ದೇನೆ. ಬಾವುಟದ ಲಕ್ಕಣ್ಣನನ್ನು ನೋಡುವ ಮುಂಚೆ ಆಕೆ ಇವನನ್ನು ನೋಡಬೇಕು. ನಾನು ಬಂದು ತೋರಿಸಬೇಕಿತ್ತು. ರಜೆ ಕೊಡುವುದಿಲ್ಲ, ಕೊಟ್ಟರೂ ನನ್ನಿಂದ ಆಗುವುದಿಲ್ಲ. ನೋಡಿ ಆಕೆಯ ಜೀವಕ್ಕೆ ಏನಾದರೂ ಆದರೆ ಎಂಬ ಹೆದರಿಕೆಯೂ ಇದೆ. ತೋರಿಸುವುದೋ ಬಿಡುವುದೋ, ನೀವೇ ತೀರ್ಮಾನಿಸಿರಿ.

ಶೇಖರಪ್ಪ


ಬಾಗಲಗುಂಟೆ
೧೨-೧೧-೧೯೮೨

ಶೇಖರಪ್ಪಾ,

ಪಾರ್ಸೆಲ್ಲು ಬಂದಿದೆ. ಬಿಚ್ಚಿ ನೋಡಿದೆ. ನಿನ್ನ ಅಕ್ಕನೂ ನೋಡಿದಳು. ಅದಕ್ಕೆ ಮಾಲೆ, ಕುಂಕುಮ ಏನನ್ನೂ ಇಡಲಿಲ್ಲ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇವೆ.

ಇವತ್ತು ಬರಿಗೈಯಲ್ಲಿ ಕೊಡಿಗೇಹಳ್ಳಿಗೆ ಹೋದೆ. ಮೊದಲು ಮಾತಿನಲ್ಲಿ ನೆಲ ಹದ ಮಾಡೋಣ ಎಂಬ ಎಣಿಕೆ. ರೈಲು ಗೇಟಿನ ಹತ್ತಿರ ಬಸ್ಸಿಳಿದು ನಡೆಯುತ್ತ ಮಾತುಗಳನ್ನು ಜೋಡಿಸಿಕೊಂಡೆ. ‘ತಾಯೇ, ವೀರಮಾತೆಯೇ’ ಎಂದು ಶುರುಮಾಡುವವನಿದ್ದೆ. ದ್ರಾಕ್ಷಿ ಚಪ್ಪರವೆಲ್ಲ ಕಿತ್ತುಹಾಕಿ ಸೈಟಿನ ಕಲ್ಲು ನೆಟ್ಟಿದ್ದಾರೆ. ಮುನಿಕೆಂಪಮ್ಮ ಜಗಲಿಯಲ್ಲಿ ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದಳು. ಕಾಳು ಯಾವುದು, ಸಿಪ್ಪೆ ಯಾವುದು ಎಂದು ಬೆರಳಿನಲ್ಲೇ ನೋಡುತ್ತಿದ್ದಳು. ಹತ್ತಿರ ಹೋಗಿ ನಿಂತರೂ ಗುರುತು ಹತ್ತಲಿಲ್ಲ. ಕೆಮ್ಮಿದೆ. ದನಿಯಿಂದ ಗುರುತಿಸಿದಳು.

“ನಾಟಕ್ದೋರಾ. ಬನ್ನಿ. ಶೇಖ್ರಪ್ಪ ಅವನ್ ಎಣ ಬರ್ದವ್ನಲ್ಲ, ಅದು ಎಲ್ಲೈತೆ?”

ಕೆಳಗೆ ಕುಳಿತೆ. ಯಾರು ಹೇಳಿದರೆಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ. ಆ ವರ್ಷ ನೀನು ಪಂಚೆಯ ಮೇಲೆ ಬರೆಯುವಾಗ ಮೊದಲು ಅರ್ಧ ತೆರೆದ ಬಾಯಿ ಬರೆದು, ಆಮೇಲೆ ಅದನ್ನು ತಿದ್ದಿ ಮುಚ್ಚಿದ್ದನ್ನು ಆಕೆ ನೋಡಿದ್ದಳಂತೆ. ಸತ್ತವನನ್ನು ಒಮ್ಮೆ ಬರೆದ ಕೈಗೆ ಮಾತ್ರ ಹಾಗೆ ತಪ್ಪುತ್ತದಂತೆ. ಮಗ ಇಲ್ಲವೆಂಬುದು ತಂತಿ ಬಂದ ದಿನವೇ ತಿಳಿದಿತ್ತಂತೆ. ಹಾಗಾದರೆ ಯವ್ವಾ, ಇಷ್ಟು ವರ್ಷ ಯಾಕೆ ಹೀಗೆ ಎಂದು ಕೇಳಿದೆ. ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಹೇಳಿದ ಮಾತನ್ನು ಹೇಳಿದಂತೆಯೇ ಬರೆಯುತ್ತೇನೆ.

“ಅವತ್ತು ನಾನ್ ಅತ್ತಿದ್ರೆ ಆ ಮುದುಕೀರು ಇವಳ್ ಬಳೆ ಒಡೀತಿದ್ರು. ಇನ್ನೂ ಮಗು ಅದು, ಅರಿಸ್ನ ಒಣಗಿರ್ನಿಲ್ಲ. ಮೂಲೇಲಿ ಕೂರ್ಸ್ತಿದ್ರು, ಒಂದ್ ಶುಭಕ್ಕೆ ಕರೀತಿರ್ನಿಲ್ಲ. ಮಗನ್ನಂತೂ ಉಳಿಸ್ಕೊಳ್ಳಾಕಾಗ್ನಿಲ್ಲ. ಅವನ್ ಏಳಿದ್ ಮಾತಿತ್ತಲ್ಲ, ಅದನ್ನ ಇಡ್ಕೊಂಡೆ. ಈಗ ಇವಳ್ ದುಡಿಮೆ ಇವಳ್ದು. ಬಸ್ಸಾಗೆ ಓಗ್ತಾಳೆ, ಬತ್ತಾಳೆ, ಇವಳ್ ಕೈ ಇಡ್ಯೋ ದಮ್ಮು ಊರಾಗೆ ಯಾರ್ಗೂ ಇಲ್ಲ. ಒಂದ್ ಕಣ್ಣು ಓಯ್ತು, ಇನ್ನೊಂದೂ ಮಂಜು. ಕಾಣೋ ಒತ್ನಾಗೆ ತೋರ್ಸಿ. ನಂಗೂ ಅಳ್ಬೇಕು.”

ಶೇಖರಪ್ಪಾ, ನಾನು ಆಟ ಮುಗಿದೊಡನೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು ಮಲಗುತ್ತಿದ್ದವನು. ಆಕೆ ಹನ್ನೊಂದು ವರ್ಷ ಒರೆಸಿಕೊಳ್ಳಲಿಲ್ಲ. ವಿಮಾನ ಬಂದಾಗಲೆಲ್ಲ ಹೊರಗೆ ಬಂದು ನಿಂತದ್ದು, ಚಿತ್ರವನ್ನು ಬೀದಿಗೋಡೆಗೆ ಹಾಕಿಸಿದ್ದು, ಎಲ್ಲವೂ ಆ ಹುಡುಗಿಯ ಕೈಯ ಬಳೆಗಾಗಿ. ಆ ಹುಡುಗಿ ಈ ಮುದುಕಿಯ ಜೀವಕ್ಕಾಗಿ ಬಳೆ ತೊಟ್ಟಿದ್ದಾಳೆ. ಒಂದೇ ಒಲೆಯ ಮುಂದೆ ಕುಳಿತು ಉಂಡವರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಗಂಗರತ್ನಮ್ಮನಿಗೂ ಗೊತ್ತಿದೆ ಎಂದು ನಾನು ಹೇಳಿದೆ. ಆಗ ಮಾತ್ರ ಆಕೆಯ ಕೈ ಅವರೆಕಾಯಿಯ ಮೇಲೆ ನಿಂತಿತು. ನಾಳೆ ಅವಳಿಗೆ ರಜಾ ಎಂದಳು.

ಮಧ್ಯಾಹ್ನವಾದರೆ ಆಕೆಗೆ ಏನೂ ಕಾಣುವುದಿಲ್ಲ. ಬೆಳಗಿನ ಬಿಸಿಲು ಜಗಲಿಗೆ ನೇರ ಬಿದ್ದಾಗ, ಹತ್ತಿರ ಹಿಡಿದರೆ, ಮುಖ ತಿಳಿಯುತ್ತದಂತೆ. ಆದ್ದರಿಂದ ನಾಳೆ ಬೆಳಿಗ್ಗೆ ನಾನೂ ನಿನ್ನ ಅಕ್ಕನೂ ಮೊದಲ ಬಸ್ಸಿಗೆ ಹೊರಡುತ್ತೇವೆ. ಬಿಸಿಲು ಬಂದೊಡನೆ ಹಾಳೆಯನ್ನು ಬಿಚ್ಚಿ, ಅತ್ತೆ ಸೊಸೆಯರಿಬ್ಬರ ಮುಂದೆ ನಾನೇ ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತೇನೆ. ಅವರು ಸಾಕೆನ್ನುವ ತನಕ ಇಳಿಸುವುದಿಲ್ಲ.

ನಿನ್ನ ಮಾವ,
ಸಂಗಪ್ಪ